ಕನ್ನಡಿಯ ಅಂಚು

ನಾಗಮಂಗಲದ ವಿದ್ಯುತ್ ಕಚೇರಿಯಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದ ತಿಮ್ಮರಾಜುವಿಗೆ ಆಕಾಶ ನೋಡುವ ಹುಚ್ಚು ಹತ್ತಿದ್ದು ನಲವತ್ತು ತುಂಬಿದ ಮೇಲೆ. ಹತ್ತಿಸಿದವರು ಶ್ರೀರಂಗಪಟ್ಟಣದ ಕನ್ನಡಕದಂಗಡಿಯ ಜಹೀರುದ್ದೀನ್. ತೊಂಬತ್ತೈದರ ದೀಪಾವಳಿಗೆ ಸೂರ್ಯಗ್ರಹಣ ಬಂದಾಗ ತಿಮ್ಮರಾಜು ಅದೇ ಊರಿನಲ್ಲಿ ಕೆಲಸದಲ್ಲಿದ್ದ. ಬೆಳಿಗ್ಗೆ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಜಹೀರುದ್ದೀನ್ ಮಾತ್ರ ಅಂಗಡಿಯ ಮುಂದೆ ಸ್ಟೂಲು ಹಾಕಿ, ಒಂದು ಮಸೂರದಿಂದ ಬಿಳಿ ರಟ್ಟಿನ ಮೇಲೆ ಸೂರ್ಯನನ್ನು ಬೀಳಿಸಿಕೊಂಡು ಕೂತಿದ್ದರು. ತಿಮ್ಮರಾಜು ಬೈಕು ನಿಲ್ಲಿಸಿದ. ರಟ್ಟಿನ ಮೇಲೆ ಕಾಸಿನಗಲದ ಬೆಳಕು, ಅದರ ಒಂದು ಬದಿಯನ್ನು ಯಾರೋ ಕಚ್ಚಿದಂತಿತ್ತು. ಗ್ರಹಣ ಬಿಡುವವರೆಗೂ ಅವನು ಅಲ್ಲಿಂದ ಅಲ್ಲಾಡಲಿಲ್ಲ.

ಅಲ್ಲಿಂದ ಸ್ನೇಹ ಬೆಳೆಯಿತು. ಜಹೀರುದ್ದೀನ್ ವಯಸ್ಸಿನಲ್ಲಿ ಎಂಟು ಹತ್ತು ವರ್ಷ ಹಿರಿಯರು. ತಿಮ್ಮರಾಜು ಅವರನ್ನು ಭಾಯ್ ಎನ್ನುತ್ತಿದ್ದ, ಅವರು ಅವನನ್ನು ರಾಜು ಎನ್ನುತ್ತಿದ್ದರು. ನಾಗಮಂಗಲಕ್ಕೆ ವರ್ಗವಾದ ಮೇಲೂ ಭಾನುವಾರಗಳಂದು ಅವನು ಬಸ್ಸು ಹತ್ತಿ ಬರುತ್ತಿದ್ದ.

ತನ್ನದೇ ಒಂದು ದೂರದರ್ಶಕ ಬೇಕು ಎನಿಸಿದಾಗ ತಿಮ್ಮರಾಜು ಮೊದಲು ಹೋದದ್ದು ಮೈಸೂರಿನ ಒಂದು ಅಂಗಡಿಗೆ. ಗಾಜಿನ ಬೀರುವಿನಲ್ಲಿ ಬೆಳ್ಳಗೆ ಹೊಳೆಯುವ ಉದ್ದನೆಯ ಕೊಳವೆ ನಿಂತಿತ್ತು. ಪೆಟ್ಟಿಗೆಯ ಮೇಲೆ ಐನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು ಬರೆದಿತ್ತು. ಮುಟ್ಟಿದರೆ ಅದರ ಮೂರು ಕಾಲೂ ನಡುಗುತ್ತಿದ್ದವು. ಅದರ ಸುದ್ದಿ ಕೇಳಿ ಜಹೀರುದ್ದೀನ್ ನಕ್ಕುಬಿಟ್ಟರು. ಕೊಳವೆಯ ಬಾಯಿ ಎಷ್ಟಗಲವೋ ಅಷ್ಟೇ ಬೆಳಕು ಒಳಗೆ ಬರುವುದು, ಆ ಚಿಕ್ಕ ಬಾಯಿಗೆ ಐನೂರು ಪಟ್ಟು ಎಂದರೆ ಒಂದು ಸೇರು ಹಾಲಿಗೆ ಹತ್ತು ಸೇರು ನೀರು ಹುಯ್ದ ಹಾಗೆ, ಚೊಂಬು ತುಂಬುತ್ತದೆ, ಹಾಲು ಹೆಚ್ಚಾಗುವುದಿಲ್ಲ ಎಂದರು. ಬೇಕಾದದ್ದು ಅಗಲವಾದ ಕನ್ನಡಿ, ಸರಿಯಾಗಿ ಉಜ್ಜಿದ ಕನ್ನಡಿ, ಅಲುಗಾಡದ ಪೀಠ. ಮಿಕ್ಕಿದ್ದೆಲ್ಲ ಅಲಂಕಾರ. ಅಷ್ಟು ಹೇಳಿ, ಕನ್ನಡಿಯನ್ನು ತಾವೇ ಮಾಡಿಕೊಡುವುದಾಗಿ ಮಾತು ಕೊಟ್ಟರು.

ಒಂದು ವರ್ಷ ಅದೇ ಕೆಲಸ ನಡೆಯಿತು. ಅವರ ಮನೆಯ ಹಿತ್ತಲಲ್ಲಿ ನೀರು ತುಂಬಿದ ಡ್ರಮ್ಮಿನ ಮೇಲೆ ಎಂಟಿಂಚು ಅಗಲದ ದಪ್ಪ ಗಾಜು. ಅದರ ಮೇಲೆ ಇನ್ನೊಂದು ಗಾಜು, ನಡುವೆ ಒರಟು ಪುಡಿ ಮತ್ತು ನೀರು. ಡ್ರಮ್ಮಿನ ಸುತ್ತ ನಡೆಯುತ್ತ ಉಜ್ಜುತ್ತಿದ್ದರೆ ಮೇಲಿನ ಗಾಜು ನಿಧಾನವಾಗಿ ತಟ್ಟೆಯಂತೆ ಕುಳಿ ಬೀಳುತ್ತದೆ. ಪುಡಿ ನುಣ್ಣಗಾಗುತ್ತ ಹೋಗಿ ಕೊನೆಗೆ ರಾಳದ ಹಾಸಿನ ಮೇಲೆ ಕೆಂಪು ಮಣ್ಣಿನಂಥ ಪುಡಿ ಹಾಕಿ ಹೊಳಪು ಕೊಡಬೇಕು. ಜಹೀರುದ್ದೀನರ ಕೈ ಮದುವಣಗಿತ್ತಿಯ ಕೈಯಂತೆ ಕೆಂಪಾಗಿರುತ್ತಿತ್ತು. ಅವರ ತಾಯಿ ಅಮೀನಾಬೀ, ಅನ್ನದಲ್ಲೂ ಮರಳು ಸಿಕ್ಕುತ್ತಿದೆ ಎಂದು ಗೊಣಗುತ್ತಿದ್ದರು.

ತೊಂಬತ್ತೇಳರ ಸಂಕ್ರಾಂತಿ ಕಳೆದ ಭಾನುವಾರ ಜಹೀರುದ್ದೀನ್ ಹೇಳಿಕಳಿಸಿದರು. ಬೆಂಗಳೂರಿನಲ್ಲಿ ಬೆಳ್ಳಿ ಬಣ್ಣದ ಲೇಪ ಹಾಕಿಸಿಕೊಂಡು ಕನ್ನಡಿ ಬಂದಿತ್ತು. ಹೊನ್ನೆ ಮರದ ಪಟ್ಟಿ ಜೋಡಿಸಿದ ಎಂಟು ಮೂಲೆಯ ಕೊಳವೆ, ಹಿತ್ತಾಳೆಯ ಬಳೆಗಳು. ಮಹಡಿಯ ಮೇಲೆ ನಿಲ್ಲಿಸಿದ್ದ ಅದರ ಸುತ್ತ ತಿಮ್ಮರಾಜು ಎರಡು ಸುತ್ತು ಬಂದ. ಅಷ್ಟು ಚೆಂದದ ಸಾಮಾನು ತನ್ನ ಮನೆಯಲ್ಲಿ ಇನ್ನೊಂದಿಲ್ಲ ಎನಿಸಿತು.

ಮಧ್ಯಾಹ್ನದ ಹೊತ್ತು. ನಕ್ಷತ್ರ ಬರುವ ತನಕ ಕಾಯುವ ಸಹನೆ ಇಬ್ಬರಿಗೂ ಇರಲಿಲ್ಲ. ನದಿಯಾಚೆ ಕರಿಘಟ್ಟದ ಬುಡದಲ್ಲಿ ಹಾದುಹೋಗುವ ವಿದ್ಯುತ್ ತಂತಿಯ ಕಂಬಗಳು ತಿಮ್ಮರಾಜುವಿಗೆ ಗೊತ್ತಿದ್ದವು. ಕಂಬದಲ್ಲಿ ತಂತಿ ಹಿಡಿದಿರುವ ಪಿಂಗಾಣಿ ಗುಬಟಿನ ಮೇಲೆ ಬಿಸಿಲು ಬಿದ್ದರೆ ಅಷ್ಟು ದೂರಕ್ಕೆ ಅದೇ ಒಂದು ನಕ್ಷತ್ರ. ಕೊಳವೆಯನ್ನು ಅತ್ತ ತಿರುಗಿಸಿ ಅವನು ಕಣ್ಣಿಟ್ಟ. ಬೆಳಕಿನ ಚುಕ್ಕೆ ಸಿಕ್ಕಿತು. ಕಣ್ಣಿಡುವ ಮಸೂರವನ್ನು ಕೊಂಚ ಒಳಕ್ಕೆ ಸರಿಸಿದರೆ ಚುಕ್ಕೆ ಹರಡಿ ಬಳೆಬಳೆಯಾಗುತ್ತದೆ, ಹೊರಕ್ಕೆ ಸರಿಸಿದರೂ ಹಾಗೇ ಆಗುತ್ತದೆ. ಎರಡೂ ಕಡೆಯ ಬಳೆಗಳು ಒಂದೇ ಥರ ಇದ್ದರೆ ಕನ್ನಡಿ ಸರಿ. ಇದನ್ನು ಕಲಿಸಿದವರೂ ಜಹೀರುದ್ದೀನರೇ.

ಹೊರಕ್ಕೆ ಸರಿಸಿದಾಗ ಬಳೆಗಳು ಚೊಕ್ಕವಾಗಿದ್ದವು. ಒಳಕ್ಕೆ ಸರಿಸಿದಾಗ ಹೊರಗಿನ ಬಳೆಯ ಸುತ್ತ ನೂಲು ಎದ್ದ ಪಂಚೆಯಂಚಿನ ಹಾಗೆ ಜುಬರು. ಬಿಸಿಲ ಝಳ ಇರಬಹುದೆಂದು ಕಾದು ಮತ್ತೆ ನೋಡಿದ. ಜುಬರು ಹೋಗಲಿಲ್ಲ. ಉಜ್ಜುವಾಗ ಕನ್ನಡಿಯ ಅಂಚು ಕೆಳಕ್ಕೆ ಇಳಿದುಬಿಟ್ಟಿತ್ತು. ಕೂದಲೆಳೆಯ ಸಾವಿರದಲ್ಲಿ ಒಂದು ಪಾಲೂ ಇರಲಾರದು, ಆದರೆ ನಕ್ಷತ್ರ ಕದಡಲು ಅಷ್ಟು ಸಾಕು.

ಜಹೀರುದ್ದೀನ್ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದರು. ಅವರು ಅದೇ ಪರೀಕ್ಷೆ ಮಾಡಿರಲಿಲ್ಲವೇ, ಮಾಡಿಯೂ ಕಾಣಲಿಲ್ಲವೇ ಎಂದು ತಿಮ್ಮರಾಜು ಯೋಚಿಸಿದ. ವರ್ಷವಿಡೀ ದುಡಿದವರ ಕಣ್ಣಿಗೆ ಅದು ಕಾಣದೆ ಹೋಗಿರಲೂಬಹುದು. ಅಷ್ಟರಲ್ಲಿ ಅಮೀನಾಬೀ ಕೆಳಗಿನಿಂದ ಊಟಕ್ಕೆ ಕೂಗಿದರು. ಅವನು ಏನೂ ಹೇಳದೆ ಇಳಿದ. ಅವನ ಮೌನವನ್ನು ಜಹೀರುದ್ದೀನ್ ಸಂತೋಷವೆಂದೇ ತಿಳಿದು, ಕೊಳವೆ ಸಾಗಿಸಲು ಯಾವ ವ್ಯಾನು ಹೇಳಬೇಕೆಂದು ಉಣ್ಣುವಾಗಲೆಲ್ಲ ಮಾತಾಡಿದರು.

ಮನೆಗೆ ಬಂದು ಹೆಂಡತಿ ಮಾಯಮ್ಮನಿಗೆ ಎಲ್ಲವನ್ನೂ ಹೇಳಿದ. ಅವಳು ರಾಗಿ ಕೇರುವುದನ್ನು ನಿಲ್ಲಿಸಲಿಲ್ಲ.

"ನೀವು ನೋಡೋದು ಕನ್ನಡೀನೋ, ಅವ್ರ ಮೊಖಾನೋ?" ಎಂದಳು. "ಮೊಖ ನೋಡಿ ತಂದ್ರೆ ದಿನಾ ಆ ಕನ್ನಡೀನ ಬೈಕಂಡ್ ಕೂತ್ಕೊತೀರಿ. ಅವ್ರಿಗೆ ಮೊದ್ಲು ಏಳ್ಬುಡಿ."

ಅವನು ಮೊದಲು ಹೇಳಲಿಲ್ಲ. ಮೊದಲು ಕೆ.ಆರ್. ಪೇಟೆಗೆ ಹೋದ. ಅಲ್ಲಿ ದೇವರಾಜು ಎಂಬ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ತಮ್ಮ ಆರಿಂಚಿನ ದೂರದರ್ಶಕ ಮಾರುತ್ತಾರೆಂದು ಹಿಂದೆಯೇ ಕೇಳಿದ್ದ. ಭುಜ ಮುರಿದು ಸರಿಯಾದ ಮೇಲೂ ಅವರಿಗೆ ಭಾರ ಎತ್ತಲಾಗುತ್ತಿರಲಿಲ್ಲ. ವಸ್ತು ನೋಡಲು ಏನೇನೂ ಇರಲಿಲ್ಲ. ಮೋರಿಗೆ ಹಾಕುವ ಬೂದು ಬಣ್ಣದ ಪೈಪು, ಅದನ್ನು ಕೂರಿಸಲು ಪ್ಲೈವುಡ್ಡಿನ ಪೆಟ್ಟಿಗೆ. ಆದರೆ ತಳ್ಳಿದರೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು, ಬಿಟ್ಟಲ್ಲಿ ನಿಲ್ಲುತ್ತಿತ್ತು. ಸಂಜೆ ಮಬ್ಬು ಕವಿಯುತ್ತಲೇ ಒಂದು ನಕ್ಷತ್ರ ಹಿಡಿದು ಒಳಕ್ಕೂ ಹೊರಕ್ಕೂ ಸರಿಸಿ ನೋಡಿದ. ಎರಡೂ ಕಡೆ ಒಂದೇ ಬಳೆಗಳು, ಅವಳಿಜವಳಿ. ಪಶ್ಚಿಮದಲ್ಲಿ ಶನಿ ಇತ್ತು. ಆ ವರ್ಷ ಅದರ ಉಂಗುರ ಬಾಗಿ ನಿಂತು ಗೆರೆಯಷ್ಟು ತೆಳ್ಳಗಾಗಿತ್ತು. ಆ ಗೆರೆಯೂ ಕತ್ತರಿಸಿಟ್ಟ ಹಾಗೆ ಕಂಡಿತು.

ದೇವರಾಜು ಮೇಷ್ಟ್ರು ಒತ್ತಾಯ ಮಾಡಲಿಲ್ಲ. ಎರಡಿಂಚು ಚಿಕ್ಕದಾಯಿತಲ್ಲ ಎಂದು ಮುಂದೆ ಕೊರಗುವವರಿದ್ದರೆ ಇದು ಬೇಡ ಎಂದರು. ತಿಮ್ಮರಾಜು ಒಂದು ವಾರ ಬಿಟ್ಟು ಬರುತ್ತೇನೆಂದು ಹೇಳಿ ಬಂದ.

ಮುಂದಿನ ಭಾನುವಾರ ಶ್ರೀರಂಗಪಟ್ಟಣದಲ್ಲಿ ಇಳಿದು ನೇರ ಅಂಗಡಿಗೆ ಹೋದ. ಜಹೀರುದ್ದೀನ್ ಯಾರದೋ ಕನ್ನಡಕದ ಕಾಲಿಗೆ ಸ್ಕ್ರೂ ಹಾಕುತ್ತಿದ್ದರು. ಅವನು ನಿಂತುಕೊಂಡೇ ಅಂಚಿನ ವಿಷಯ ಹೇಳಿದ. ಅವರು ಸ್ಕ್ರೂ ಬಿಗಿ ಮಾಡಿ ಮುಗಿಸಿ, ಕನ್ನಡಕ ಮಡಚಿಟ್ಟು ತಲೆಯೆತ್ತಿದರು.

"ಒಳಗೆ ಸರಿಸ್ದಾಗ್ಲಾ, ಹೊರಗಾ?"

"ಒಳಗೆ, ಭಾಯ್."

"ಬಿಸ್ಲು ಇತ್ತಲ್ಲ."

"ಕಾದು ನೋಡ್ದೆ. ಎಲ್ಡ್ ಸಲ ನೋಡ್ದೆ."

"ಅವತ್ತೇ ಯಾಕ್ ಹೇಳ್ಲಿಲ್ಲ?"

"ಬಾಯಿ ಬರ್ನಿಲ್ಲ."

ಅಂಚು ಮುಚ್ಚುವ ಹಾಗೆ ಕಪ್ಪು ಕಾಗದದ ಬಳೆ ಹಾಕಿದರೆ ಮಿಕ್ಕ ಏಳಿಂಚು ಚೆನ್ನಾಗಿಯೇ ಇದೆ ಎಂದು ತಿಮ್ಮರಾಜು ಸೇರಿಸಿದ. ಅದನ್ನು ಹೇಳಬಾರದಿತ್ತು. ಜಹೀರುದ್ದೀನರ ಮುಖ ಬಿಗಿಯಿತು. ಕೆ.ಆರ್. ಪೇಟೆಯದನ್ನು ಕೊಳ್ಳುವ ವಿಷಯವನ್ನೂ ತಿಮ್ಮರಾಜು ಮುಚ್ಚಿಡಲಿಲ್ಲ. ಅವರು, "ತಗೋ. ಒಳ್ಳೇದ್ ಯಾವ್ದೋ ಅದನ್ನೇ ತಗೋಬೇಕು," ಎಂದರು. ಆಮೇಲೆ ಗಿರಾಕಿಯತ್ತ ತಿರುಗಿದರು. ಆ ದಿನ ಯಾರೂ ಊಟಕ್ಕೆ ಕರೆಯಲಿಲ್ಲ.

ಆರಿಂಚಿನದು ನಾಗಮಂಗಲಕ್ಕೆ ಬಂತು. ತಿಮ್ಮರಾಜು ಸಂಜೆಯ ಹೊತ್ತು ಮಹಡಿಯಲ್ಲಿ ನೋಡುತ್ತಿದ್ದ, ಬೀದಿಯವರೂ ಬಂದು ಚಂದ್ರನನ್ನು ನೋಡಿ ಹೋಗುತ್ತಿದ್ದರು. ಭಾನುವಾರ ಮಾತ್ರ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಶ್ರೀರಂಗಪಟ್ಟಣದ ಬಸ್ಸು ಹತ್ತುವ ಧೈರ್ಯವೂ ಆಗುತ್ತಿರಲಿಲ್ಲ. ಸತ್ಯ ಹೇಳಿದ್ದಕ್ಕೆ ಅವನಿಗೆ ಪಶ್ಚಾತ್ತಾಪವಿರಲಿಲ್ಲ. ಒಂದು ವಾರ ತಡ ಮಾಡಿದ್ದಕ್ಕೆ ಇತ್ತು.

ಏಪ್ರಿಲ್ ಮೊದಲ ವಾರ ಧೂಮಕೇತು ಬಂತು. ಸೂರ್ಯ ಮುಳುಗಿದ ಕೂಡಲೇ ವಾಯವ್ಯದಲ್ಲಿ ಬರಿಗಣ್ಣಿಗೇ ಬಾಲ ಬಿಚ್ಚಿಕೊಂಡು ನಿಲ್ಲುತ್ತಿತ್ತು. ಒಂದು ಸಂಜೆ ಬಾಗಿಲು ಬಡಿದ ಸದ್ದಾಗಿ ಮಾಯಮ್ಮ ತೆರೆದರೆ ಅಮೀನಾಬೀ, ಹಿಂದೆ ಜಹೀರುದ್ದೀನ್. ಮಗ ತನ್ನ ದುರ್ಬೀನನ್ನು ಬಿಚ್ಚಿ ಗುಡ್ಡೆ ಹಾಕಿದ್ದಾನೆ, ಇನ್ನೆಲ್ಲಿ ನೋಡಲಿ, ಅದಕ್ಕೇ ನಿಮ್ಮಲ್ಲಿಗೆ ಕರೆದುಕೊಂಡು ಹೋಗು ಎಂದೆ ಎಂದು ಮುದುಕಿ ಒಳಬರುತ್ತಲೇ ಹೇಳಿದರು. ಮಾಯಮ್ಮ ಅವರ ಕೈಹಿಡಿದು ಮಹಡಿ ಹತ್ತಿಸಿದಳು.

ಕೂರಲು ಕುರ್ಚಿ ಹಾಕಿ ತಿಮ್ಮರಾಜು ಧೂಮಕೇತುವಿನ ತಲೆಯನ್ನು ಹಿಡಿದುಕೊಟ್ಟ. ಅಮೀನಾಬೀ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಇದು ಮತ್ತೆ ಯಾವಾಗ ಬರುತ್ತದೆ ಎಂದು ಕೇಳಿದರು. ಎರಡು ಸಾವಿರ ವರ್ಷಕ್ಕೂ ಮೇಲೆ ಎಂದ.

"ಹಾಗಾದ್ರೆ ಇನ್ನೊಂದ್ ಸಲ ನೋಡ್ಕೊಂಬಿಡ್ತೀನಿ ಬೇಟಾ," ಎಂದು ಮತ್ತೆ ಬಗ್ಗಿದರು.

ಅವರು ಎದ್ದ ಮೇಲೆ ಜಹೀರುದ್ದೀನ್ ಧೂಮಕೇತುವನ್ನು ನೋಡಲೇ ಇಲ್ಲ. ಕೊಳವೆಯನ್ನು ನೈಋತ್ಯಕ್ಕೆ ತಿರುಗಿಸಿ ಲುಬ್ಧಕ ನಕ್ಷತ್ರವನ್ನು ಹಿಡಿದರು. ಮಸೂರವನ್ನು ಒಳಕ್ಕೆ ಸರಿಸಿದರು, ಹೊರಕ್ಕೆ ಸರಿಸಿದರು, ಮತ್ತೆ ಒಳಕ್ಕೆ.

"ಅಂಚು ಅಂದ್ರೆ ಇದು," ಎಂದರು ಕೊನೆಗೆ. "ನಾನು ಕೊನೇಲಿ ಅರ್ಜೆಂಟ್ ಮಾಡ್ದೆ, ರಾಜು. ಸಂಕ್ರಾಂತಿಗೆ ಕೊಡ್ಬೇಕು ಅಂತ ಉಜ್ಜೋವಾಗ ಕೈ ಉದ್ದ ಬಿಟ್ಟೆ. ಅಂಚು ಬಿದ್ದೋಯ್ತು."

ಆ ರಾತ್ರಿ ಅವರಿಬ್ಬರೂ ನಾಗಮಂಗಲದಲ್ಲೇ ಉಳಿದರು.

ಮಳೆಗಾಲವೆಲ್ಲ ಜಹೀರುದ್ದೀನ್ ಕನ್ನಡಿಯನ್ನು ಮತ್ತೆ ಉಜ್ಜಿದರು. ತಿಮ್ಮರಾಜು ಭಾನುವಾರ ಬಂದರೆ ಹಿತ್ತಲಿಗೆ ಬಿಡುತ್ತಿರಲಿಲ್ಲ. ಮುಗಿದಾಗ ಪರೀಕ್ಷೆಗೆ ಕರೆದದ್ದೂ ಅವನನ್ನಲ್ಲ. ಕನ್ನಡಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೆ.ಆರ್. ಪೇಟೆಗೆ ಹೋಗಿ ದೇವರಾಜು ಮೇಷ್ಟ್ರಿಗೆ ತೋರಿಸಿದರು. ಮೇಷ್ಟ್ರು ಒಪ್ಪಿ, ಪಾಂಡವಪುರದ ಒಂದು ಕಾಲೇಜಿಗೆ ತಾವೇ ಮಾತಾಡಿ ಕೊಳವೆಯ ಸಮೇತ ಕೊಡಿಸಿದರು. ಇದೆಲ್ಲ ತಿಮ್ಮರಾಜುವಿಗೆ ಗೊತ್ತಾದದ್ದು ಮೇಷ್ಟ್ರಿಂದಲೇ. ಅವನಿಗೆ ಸಂತೋಷವಾಯಿತು. ಒಂದು ಮಾತು ಕೇಳಿದ್ದರೆ ಕೊಳ್ಳುತ್ತಿದ್ದೆನಲ್ಲ ಎಂದು ಕಸಿವಿಸಿಯೂ ಆಯಿತು. ಕೇಳಬೇಕಾಗಿದ್ದವನು ತಾನೇ ಎಂದು ಆಮೇಲೆ ಹೊಳೆಯಿತು.

ತೊಂಬತ್ತೆಂಟರ ಮೇ ತಿಂಗಳಲ್ಲಿ ಕಾಲೇಜಿನವರು ಊರವರಿಗೆ ಆಕಾಶ ತೋರಿಸಿದರು. ತಿಮ್ಮರಾಜು ಪಾಂಡವಪುರಕ್ಕೆ ಹೋದ. ಮಹಡಿಯ ಮೇಲೆ ಸರತಿ ಸಾಲು, ಹೊನ್ನೆ ಕೊಳವೆಯ ಪಕ್ಕದಲ್ಲಿ ಜಹೀರುದ್ದೀನ್. ಅವನೂ ಸಾಲಿನಲ್ಲೇ ನಿಂತ. ಅವನ ಸರದಿ ಬಂದಾಗ ಕೊಳವೆ ದಕ್ಷಿಣದ ತಾರಾಗುಚ್ಛವೊಂದರ ಮೇಲಿತ್ತು. ಅದೇ ಗುಚ್ಛವನ್ನು ಅವನು ಮನೆಯಲ್ಲಿ ಹಿಂದಿನ ಸಂಜೆ ನೋಡಿದ್ದ. ಅಲ್ಲಿ ಜರಡಿ ಹಿಡಿದ ಹಿಟ್ಟಿನ ಹಾಗೆ ಕಂಡಿದ್ದು ಇಲ್ಲಿ ರವೆ ಚೆಲ್ಲಿದ ಹಾಗೆ, ಕಾಳುಕಾಳಾಗಿ, ನಟ್ಟನಡುವಿನವರೆಗೂ ಬಿಡಿಬಿಡಿಯಾಗಿ ಕಂಡಿತು.

"ಭಾಯ್, ಇದು ನಂದ್ಕಿಂತ ಚೆನ್ನಾಗೈತೆ," ಎಂದ.

"ಗೊತ್ತು," ಎಂದರು ಜಹೀರುದ್ದೀನ್. ದನಿಯಲ್ಲಿ ಜಂಬವೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. ಹಿಂದೆ ಜನ ಕಾಯುತ್ತಿದ್ದಾರೆ, ಸ್ವಲ್ಪ ಆಚೆ ಸರಿ ಎಂದರು. ತಿಮ್ಮರಾಜು ಪಕ್ಕಕ್ಕೆ ಸರಿದ. ಮುಂದಿನ ಹೆಂಗಸು ಸೆರಗು ಸರಿಮಾಡಿಕೊಂಡು ಬಗ್ಗಿದಳು. ಅವನು ಸಾಲಿನ ಕೊನೆಗೆ ಹೋಗಿ ಇನ್ನೊಂದು ಸಲ ನಿಂತುಕೊಂಡ.