ಹೊರಗಿನವರು ಇಟ್ಟ ಹೆಸರು

ಸಂಶಿಯ ನಮ್ಮ ಹೈಸ್ಕೂಲಿನಲ್ಲಿ ಶನಿವಾರದ ಭಾಷಣಕ್ಕೆ ಒಬ್ಬೊಬ್ಬರು ಒಂದೊಂದು ಶಬ್ದದ ಅರ್ಥ, ಹುಟ್ಟು ಹೇಳಬೇಕಿತ್ತು. ನಾನು ‘ಕೆ-ಪಾಪ್’ ಎಂದು ಬರೆಸಿದ್ದೆ. ಕನ್ನಡದ ಕೃಷ್ಣಾಜಿ ಸರ್ ಕೆಂಪು ಪೆನ್ನಿನಿಂದ ಹೊಡೆದುಹಾಕಿದರು.

“ನಮ್ಮ ನೆಲದ ಶಬ್ದ ತಗೋ, ಮುಬಶಿರಾ. ಜಾನಪದ ಅಂತ ತಗೋ. ಇಲ್ಲಾಂದ್ರ ಪಟ್ಟಿಯಾಗ ನಿನ್ನ ಹೆಸರು ಇಲ್ಲ.”

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಎರಡು ವಾರ ಓದಿದ್ದೆ. ಹತ್ತನೆಯ ತರಗತಿ, ಮತ್ತೆ ಸರದಿ ಬರುವುದಿಲ್ಲ. ಕುಬಿಹಾಳದ ಮನೆಗೆ ಬಂದು ಅಜ್ಜ ಯಾಕೂಬಸಾಬನ ಮುಂದೆ ಅತ್ತೇಬಿಟ್ಟೆ. ಅಜ್ಜ ಮೊಹರಮ್ಮಿನ ಮೇಳದ ಹಾಡುಗಾರ. ಅವನು ಸವಾಲಿನ ಪದ ಎತ್ತಿದರೆ, ಎದುರು ಮೇಳ ಹಾಡಿನಲ್ಲೇ ಜವಾಬು ಕೊಡುವವರೆಗೆ ಅವನನ್ನು ಯಾರೂ ಕೂರಿಸುವಂತಿಲ್ಲ.

“ಅಳೂದು ಯಾಕಬೇ? ಸವಾಲ್ ಹಾಕು,” ಅಂದ.

ಶನಿವಾರ ಸರ್ ನನ್ನನ್ನು ಬಿಟ್ಟು ಶಿಶಿರನ ಹೆಸರು ಕರೆದರು. ಅವನಿಗಿಂತ ಮೊದಲು ನಾನೇ ಭಾಷಣದ ಕಟ್ಟೆ ಹತ್ತಿದೆ.

“ನಿನ್ನ ಹೆಸರು ಇಲ್ಲಲ್ಲ,” ಅಂದರು ಸರ್.

“ಭಾಷಣ ಅಲ್ರಿ. ನಿಮಗ ಒಂದು ಸವಾಲ್ ಐತಿ.”

ಹುಡುಗರು ನಕ್ಕರು. ಸರ್ ನಗಲಿಲ್ಲ. ಪ್ರತಿ ಮೊಹರಮ್ಮಿಗೂ ನಮ್ಮೂರಿಗೆ ಬಂದು ಕೊನೆಯ ಪದದವರೆಗೂ ನಿಂತು ಕೇಳುವ ಮನುಷ್ಯ ಅವರು. ಸವಾಲು ಅಂದ ಮೇಲೆ ಇಳಿಸುವುದು ಹೇಗೆ? ಕೈ ಕಟ್ಟಿಕೊಂಡರು.

“ಕೇಳು.”

“ಕೆ ಅಂದ್ರ ಕೊರಿಯಾ. ಪಾಪ್ ಅಂದ್ರ ಮಂದಿ ಮೆಚ್ಚಿದ ಹಾಡು. ಈ ಹೆಸರು ಹುಟ್ಟಿದ್ದು ಅವರ ಮನಿಯಾಗ ಅಲ್ರಿ, ಹೊರಗಿನವರ ಬಾಯಾಗ. ಅಲ್ಲಿಯವರು ಗಾಯೋ ಅಂತಿದ್ರು, ಬರೇ ಹಾಡು ಅಂತ. ಈಗ ಅವರೂ ಕೆ-ಪಾಪ್ ಅಂತಾರ. ನಮ್ಮಜ್ಜ ಸಣ್ಣಾಂವ ಇದ್ದಾಗಿಂದ ತನ್ನ ಹಾಡಿಗೆ ಪದ ಅಂತಾನ. ಜಾನಪದ ಅನ್ನೂದು ಅವನ ಬಾಯಾಗ ನಾ ಒಮ್ಮೀನೂ ಕೇಳಿಲ್ಲ. ಆ ಹೆಸರು ಇಟ್ಟವರು ಯಾರ್ರಿ, ಹಾಡಾವರೋ ಹೊರಗಿನವರೋ? ಅದು ನಮ್ಮ ನೆಲದ್ದು ಆಗೂದಾದ್ರ, ನಂದ್ಯಾಕ ಹೊಡದ್ರಿ?”

ಸರ್ ಕೈಯಲ್ಲಿದ್ದ ಪಟ್ಟಿ ನೋಡಿದರು. ನನಗೆ ಅವರ ಮೇಲೆ ಕನಿಕರವೂ ಬಂತು, ಆದರೆ ಕಟ್ಟೆ ಬಿಡಲಿಲ್ಲ.

“ನನಗ ಜವಾಬು ಗೊತ್ತಿಲ್ಲವ್ವಾ,” ಅಂದರು ಮೆಲ್ಲಗೆ. “ಆತು, ಮುಂದ ಹೇಳು. ಎರಡ ನಿಮಿಷ.”

“ಎರಡು ವಾರ ಓದೀನ್ರಿ ಸರ್. ಎರಡು ನಿಮಿಷದಾಗ ಮುಗಿಯಂಗಿಲ್ಲ.”

ಬಿಡುವಿನ ಗಂಟೆ ಹೊಡೆಯಿತು. ನಾನು ಇಳಿಯಲಿಲ್ಲ, ಹುಡುಗರೂ ಏಳಲಿಲ್ಲ.