ಮುನಿಶಾಮಪ್ಪನಿಗೆ ಎರಡು ಎಡೆ

ಅಟ್ಟೂರಿನ ಆನಂದಪ್ಪನ ಮನೆಯವರ ಮುಂದೆ ಅವರ ಮೂಲಪುರುಷ ಮುನಿಶಾಮಪ್ಪನ ಮಾತೆತ್ತಿದರೆ ಸಾಕು, ಎದೆ ಒಂದು ಗೇಣು ಉಬ್ಬುತ್ತಿತ್ತು. ಕಳ್ಳಿ, ಲಂಟಾನ, ಹಾವು ತುಂಬಿದ್ದ ಕುರುಚಲು ಕಾಡನ್ನು ಕಡಿದು ಹೊಲ ಮಾಡಿದವನು, ಬಂಡೆ ಸೀಳಿ ಬಾವಿ ತೋಡಿದವನು, ನೂರಾ ಹತ್ತು ವರ್ಷ ಬದುಕಿ ಸಾಯುವ ಹಿಂದಿನ ದಿನವೂ ಮುದ್ದೆ ನುಂಗಿದವನು. ಹೆಣ್ಣು ನೋಡಲು ಬಂದವರಿಗೂ ಬಿಡದೆ ಇದನ್ನು ಹೇಳಿಯೇ ಕಾಫಿ ಕೊಡುತ್ತಿದ್ದರು. ನೂರಾ ಹತ್ತು! ಕೇಳಿದವರು ಹೌದಾ ಎಂದು ಬಾಯಿ ಬಿಡುತ್ತಿದ್ದರೇ ಹೊರತು ಲೆಕ್ಕ ಹಾಕಿ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಹೋದವಳು ಆನಂದಪ್ಪನ ಮಗಳು ವನಿತಾ. ಅದೂ ತಾನಾಗಿ ಹೋದದ್ದಲ್ಲ, ಚಿಕ್ಕಪ್ಪ ಮುನಿರತ್ನ ಕಳಿಸಿದ್ದು. ಮುನಿರತ್ನ ಬಿಲ್ಡರ್. ಆ ಹೊಲದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತೇನೆಂದು ಬೋರ್ಡು ನೆಟ್ಟು ಯಾವ ಕಾಲವಾಗಿತ್ತೋ, ಒಂದು ಇಟ್ಟಿಗೆಯೂ ಎದ್ದಿರಲಿಲ್ಲ. ಹೊಲದ ಮೂಲೆಯಲ್ಲಿ, ಹಳೇ ಬಾವಿಯ ಪಕ್ಕ, ಶೀಟು ಹೊದಿಸಿದ ಮನೆಯಲ್ಲಿ ದ್ರೌಪದಮ್ಮ ಎಂಬ ಮುದುಕಿ ಕೂತಿದ್ದಳು. ಜಪ್ಪಯ್ಯ ಅಂದರೂ ಏಳುವವಳಲ್ಲ. ತನ್ನ ಗಂಡನೂ ಮುನಿಶಾಮಪ್ಪನ ವಂಶದವನೇ ಎಂದು ಕೋರ್ಟಿನಲ್ಲಿ ಕೇಸೂ ಹಾಕಿದ್ದಳು. "ಬಾವಿ ಕಾಯೋಕೆ ಇಟ್ಕೊಂಡಿದ್ದೋರ ಮನೆ ಸೊಸೆ ಕಣಮ್ಮ ಅವ್ಳು. ಈಗ ನಮ್ಗೇ ನೆಂಟ್ರಾಗೋಕೆ ಬರ್ತಾಳೆ" ಎನ್ನುತ್ತಿದ್ದ ಮುನಿರತ್ನ.

ಸೋಮವಾರ ವಿಚಾರಣೆ. ಮುನಿಶಾಮಪ್ಪನಿಗೆ ಒಬ್ಬನೇ ಮಗ, ಆ ಮಗನೇ ತಮ್ಮ ತಂದೆ, ಬೇರೆ ಕವಲೇ ಇಲ್ಲ ಎಂದು ಮನೆಯ ಹಿರಿಮಗ ಆನಂದಪ್ಪ ಪ್ರಮಾಣಪತ್ರಕ್ಕೆ ರುಜು ಹಾಕಬೇಕಿತ್ತು. ಹಾಕಿದರೆ ದ್ರೌಪದಮ್ಮನ ಮನೆ ನೆಲಸಮವಾದ ಹಾಗೇ. ಅದಕ್ಕೆ ಜೊತೆಯಾಗಿ ಹಳೇ ದಾಖಲೆ ಹುಡುಕಿ ತರುವ ಕೆಲಸ ಓದಿದ ಮಗಳಿಗೆ ಬಿತ್ತು. ತಂದುಕೊಟ್ಟರೆ ಕಟ್ಟಡದಲ್ಲಿ ಅವಳಿಗೂ ಒಂದು ಫ್ಲಾಟು. ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಓನರ್ ಖಾಲಿ ಮಾಡಿ ಅನ್ನುತ್ತಿದ್ದ ವನಿತಾಗೆ ಆ ಆಸೆ ಬೇಕಾದಷ್ಟಿತ್ತು, ಸುಳ್ಳೇಕೆ?

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಧೂಳು ಕುಡಿದು ಅವಳಿಗೆ ಕೆಮ್ಮು ಹತ್ತಿತು. ಆದರೆ ಸಿಕ್ಕಿದ್ದು ಬಂಗಾರ. ಮಹಾರಾಜರ ಕಾಲದ ಜಮೀನು ಪುಸ್ತಕದಲ್ಲಿ ಸಾಗುವಳಿದಾರ ಮುನಿಶಾಮಪ್ಪ. ಸ್ವಾತಂತ್ರ್ಯ ಬಂದ ಎಷ್ಟೋ ವರ್ಷದ ಮೇಲಿನ ಪಹಣಿಯಲ್ಲೂ ಮುನಿಶಾಮಪ್ಪ. ನೂರಾ ಹತ್ತು ನಿಜವೇ! ಖುಷಿಯಲ್ಲಿ ಬಸ್ಸು ಹತ್ತಿ ಕೂತವಳು ಸುಮ್ಮನೆ ಬೆರಳು ಮಡಚಿ ಲೆಕ್ಕ ಹಾಕಿದಳು. ತನ್ನ ತಾತ, ಅಂದರೆ ಆನಂದಪ್ಪನ ಅಪ್ಪ, ಹುಟ್ಟಿದಾಗ ಈ ಮುನಿಶಾಮಪ್ಪನಿಗೆ ಎಂಬತ್ತೈದು ದಾಟಿತ್ತು. ಅವಳಿಗೆ ಮೊದಲು ನಗು ಬಂತು. ಅಲ್ಲಾಳಸಂದ್ರ ದಾಟುವ ಹೊತ್ತಿಗೆ ನಗು ನಿಂತು, ಆ ವಯಸ್ಸಿನಲ್ಲಿ ಮಗ ಹುಟ್ಟುವುದುಂಟೇ ಎಂದು ಮತ್ತೆ ಮೊದಲಿನಿಂದ ಬೆರಳು ಮಡಚತೊಡಗಿದಳು.

ಮಾರನೇ ದಿನವೇ ಯಲಹಂಕದ ಹಳೇ ಊರಿಗೆ ಹೋಗಿ, ಹಿಂದೆ ಶಾನುಭೋಗಿಕೆ ಮಾಡುತ್ತಿದ್ದವರ ಮೊಮ್ಮಗ ವಿಜಯಕುಮಾರರ ಮನೆ ಬಾಗಿಲು ತಟ್ಟಿದಳು. ಅವರ ಅಟ್ಟದ ಮೇಲೆ ಖಾನೇಷುಮಾರಿಯ ಹಳೇ ನಕಲು ಇತ್ತು. ಹಿಂದಿನವರು ಜನಗಣತಿಗೆ ಹಾಗೆನ್ನುತ್ತಿದ್ದರು, ಯಾವ ಮನೆಯಲ್ಲಿ ಯಾರು ಯಾರು ಎಂದು ಬರೆದ ಲೆಕ್ಕ. ಬಾವಿ ಪಕ್ಕದ ಮನೆ: ಯಜಮಾನ ಮುನಿಶಾಮಪ್ಪ, ಅರವತ್ತು. ಮಗ ಹನುಮಯ್ಯ. ಮಗ ಪಿಳ್ಳಪ್ಪ. ಹನುಮಯ್ಯನ ಮಗ ಮುನಿಶಾಮಪ್ಪ, ಹತ್ತು.

ತಾತನ ಹೆಸರು ಮೊಮ್ಮಗನಿಗೆ. ಅಟ್ಟೂರಿನಲ್ಲಿ ಯಾವ ಮನೆಯಲ್ಲಿ ಇಡುವುದಿಲ್ಲ ಹೇಳಿ! ಇಬ್ಬರನ್ನು ಹೊಲಿದು ಒಬ್ಬನನ್ನಾಗಿ ಮಾಡಿ ನೂರಾ ಹತ್ತು ವರ್ಷ ಮೆರೆಸಿದ್ದರು, ನಡುವೆ ಇದ್ದ ಅಣ್ಣತಮ್ಮಂದಿರನ್ನು ನುಂಗಿ ನೀರು ಕುಡಿದಿದ್ದರು. ದ್ರೌಪದಮ್ಮ ಹೇಳುತ್ತಿದ್ದುದು ಇದನ್ನೇ, ತನ್ನ ಗಂಡ ಪಿಳ್ಳಪ್ಪನ ಮೊಮ್ಮಗ ಎಂದು.

ವನಿತಾ ಫೋನಿನಲ್ಲಿ ಫೋಟೋ ಹೊಡೆದುಕೊಂಡಳು. ಯಾರಿಗೂ ಹೇಳಲಿಲ್ಲ. ಊಟ ಸೇರಲಿಲ್ಲ. ಫೋಟೋ ಅಳಿಸಲು ಎಷ್ಟು ಸಲ ಬೆರಳಿಟ್ಟಳೋ, ಅಷ್ಟೇ ಸಲ ತೆಗೆದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು.

ಭಾನುವಾರ ಮಹಾಲಯ ಅಮಾವಾಸ್ಯೆ. ಮನೆಯಲ್ಲಿ ಹಿರಿಯರಿಗೆ ಎಡೆ. ಮಟನ್ ಸಾರು, ಮುದ್ದೆ, ವಡೆ, ಕಜ್ಜಾಯ, ಸೇದುವವರಿಗೆ ಬೀಡಿ. ಗೋಡೆಯ ಪಕ್ಕ ಎಲೆ ಹಾಸಿ, ಒಂದೊಂದು ಎಲೆಯ ಮುಂದೂ ಹೊಸ ಬಟ್ಟೆ ಇಟ್ಟು ಆನಂದಪ್ಪನ ತಾಯಿ ಅಂಜನಮ್ಮ ಧೂಪ ಹಾಕುತ್ತಾ ಹೆಸರು ಹಿಡಿದು ಕರೆಯುತ್ತಿದ್ದಳು.

"ಮುನಿಶಾಮಪ್ಪ, ಬಾರಪ್ಪ, ಉಣ್ಣು." ಒಂದು ಪಂಚೆ.

ಪಕ್ಕದ ಎಲೆಗೆ ಸರಿದು ಮತ್ತೆ, "ಮುನಿಶಾಮಪ್ಪ, ಬಾರಪ್ಪ." ಇನ್ನೊಂದು ಪಂಚೆ.

"ಅವ್ವಂದು ವರ್ಷಾವರ್ಷ ಇದೇ ಕಥೆ. ಅರಳುಮರಳು" ಎಂದು ಮುನಿರತ್ನ ನಕ್ಕ. ಪ್ರತಿ ವರ್ಷ ಎಲ್ಲರ ಜೊತೆ ವನಿತಾಳೂ ನಗುತ್ತಿದ್ದಳು. ಈ ಸಲ ಎರಡೂ ಎಲೆಗಳನ್ನು ಎಣಿಸಿ ನೋಡಿದಳು.

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲೆಂದು ಕದ ಮುಚ್ಚಿ ಮನೆಯವರೆಲ್ಲ ಆಚೆ ನಿಲ್ಲಬೇಕು. ನಿಂತರು. ಮುನಿರತ್ನನಿಗೆ ಆ ಹೊತ್ತೂ ದಂಡವಾಗಬಾರದು. ಜಗಲಿಯ ಮೇಲೆ ಛಾಪಾ ಕಾಗದ ಬಿಚ್ಚಿ ಪೆನ್ನು ಕೊಟ್ಟ. "ಹಾಕಣ್ಣ ಬೇಗ. ನೋಟರಿ ಕಾಯ್ತಾ ಇದಾನೆ."

ಆನಂದಪ್ಪ ಕನ್ನಡಕ ಏರಿಸಿಕೊಂಡ. ತಮ್ಮನ ಮಾತಿಗೆ ಯಾವತ್ತೂ ಎದುರಾಡದ ಮನುಷ್ಯ. ಪೆನ್ನು ಕಾಗದಕ್ಕೆ ಮುಟ್ಟುವುದರಲ್ಲಿತ್ತು.

"ಅಪ್ಪಾ, ತಡೀರಿ!" ವನಿತಾ ಕಾಗದದ ಮೇಲೆ ಅಂಗೈ ಇಟ್ಟಳು. "ಅಜ್ಜಿ, ಮುನಿಶಾಮಪ್ಪಂಗೆ ಎರಡು ಎಡೆ ಯಾಕೆ?"

ಅಂಜನಮ್ಮ ಮುಚ್ಚಿದ ಕದವನ್ನೇ ನೋಡುತ್ತಿದ್ದಳು.

"ಏಯ್, ಈಗ ಅದ್ಯಾಕಮ್ಮ?" ಎಂದ ಮುನಿರತ್ನ.

"ನೀವು ಸುಮ್ನಿರಿ ಚಿಕ್ಕಪ್ಪ. ಹೇಳಜ್ಜಿ. ಇಬ್ರಿದ್ರಲ್ವಾ? ಒಬ್ರು ತಾತ, ಒಬ್ರು ಮೊಮ್ಮಗ. ನಡುವೆ ಹನುಮಯ್ಯ. ಅವ್ರ ತಮ್ಮ ಪಿಳ್ಳಪ್ಪ." ಫೋನು ತೆಗೆದು ಅಪ್ಪನ ಮುಂದೆ ಹಿಡಿದಳು. "ಖಾನೇಷುಮಾರೀಲಿದೆ. ನಂಗೆ ಗೊತ್ತಾಗಿ ಎಷ್ಟೋ ದಿನ ಆಯ್ತು. ಫ್ಲಾಟಿನ ಆಸೆಗೆ ಬಾಯಿ ಮುಚ್ಕೊಂಡಿದ್ದೆ."

ಮುನಿರತ್ನನ ಮುಖ ಕೆಂಪಾಯಿತು. "ಯಾವನೋ ಬರ್ದಿಟ್ಟಿದ್ದು ವೇದವಾಕ್ಯಾನಾ? ಡಿಲೀಟ್ ಮಾಡು ಅದನ್ನ. ಮನೆ ಮಗಳಾಗಿ ಮನೆಗೇ ಕೊಳ್ಳಿ ಇಡ್ತೀಯ?" ಎನ್ನುತ್ತಾ ಫೋನಿಗೆ ಕೈ ಹಾಕಿದ. ವನಿತಾ ಬಿಡಲಿಲ್ಲ. ಉಗುರು ತಾಗಿ ಅವಳ ಮಣಿಕಟ್ಟು ತರಚಿತು.

"ಬುಡೋ ಅವ್ಳ ಕೈಯ!"

ಅಂಜನಮ್ಮ ಅಷ್ಟು ಜೋರಾಗಿ ಕೂಗಿದ್ದನ್ನು ಮಕ್ಕಳು ಎಂದೂ ಕೇಳಿರಲಿಲ್ಲ.

"ಇಬ್ರಿದ್ರು. ಎರಡನೇ ಮುನಿಶಾಮಪ್ಪ ನಮ್ಮ ಮಾವ. ನಾನ್ ಕಣ್ಣಾರೆ ಕಂಡಿವ್ನಿ, ಅರವತ್ತಕ್ಕೇ ಸತ್ರು. ಪಿಳ್ಳಪ್ಪನ ಮೊಮ್ಮಗನ್ ಜೊತೆ ನಿಮ್ಮಪ್ಪಂಗೆ ಒಲದ ಬದಿನ ಮೇಲೆ ಜಗ್ಳ ಆಯ್ತು, ಒಟ್ಟೆಕಿಚ್ಚು ಬೇರೆ. ಇಬ್ರನ್ನೂ ಒಬ್ನೇ ಅಂತ ಏಳ್ಕೊಂಡ್ ಬಂದ. ನಂಗೂ ಬಾಯಿ ಬಿಡ್ಬೇಡ ಅಂದ. ಮಕ್ಳಿಗೆ ಒಳ್ಳೇದಾಯ್ತದೆ ಅಂತ ನಾನೂ ಬುಡಲಿಲ್ಲ."

"ಮತ್ತೆ ಎರಡು ಎಡೆ ಯಾಕವ್ವ ಇಟ್ಟೆ?" ಆನಂದಪ್ಪನ ದನಿ ಕೇಳಿಸುವಂತಿರಲಿಲ್ಲ.

"ಬದುಕಿರೋರ್ ಅತ್ರ ಸುಳ್ಳೇಳ್ಬೋದು ಕಣಪ್ಪ. ಸತ್ತೋರ್ ಅತ್ರ ಎಂಗೇಳ್ಲಿ? ಒಬ್ನನ್ನ ಕರ್ದು ಇನ್ನೊಬ್ನನ್ನ ಅಸ್ಕೊಂಡಿರು ಅಂತ ಆಚೆ ನಿಲ್ಸೋಕಾಯ್ತದಾ?"

"ಪಿಳ್ಳಪ್ಪಂಗೆ?" ಎಂದಳು ವನಿತಾ.

"ಅವ್ನ ಎಡೆ ಅವ್ನ ಮನೇಲಿ. ದ್ರೌಪದಿ ಇಕ್ತಾಳೆ."

"ಅಣ್ಣ, ಮುದುಕಿ ಮಾತು ಕಟ್ಕೊಂಡು ಎಲ್ಲಾ ಹಾಳ್ ಮಾಡ್ಬೇಡ" ಎಂದು ಮುನಿರತ್ನ ಕಾಗದವನ್ನು ಮತ್ತೆ ತಳ್ಳಿದ. "ಇಷ್ಟೊರ್ಷ ನಾನು ಒದ್ದಾಡಿದ್ದು ನಿಂಗೋಸ್ಕರಾನೂ ಅಲ್ವಾ? ಹಾಕು."

ಆನಂದಪ್ಪ ಪೆನ್ನಿನ ಮುಚ್ಚಳ ಹಾಕಿ ತಮ್ಮನ ಜೇಬಿಗೆ ಸಿಕ್ಕಿಸಿದ. ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ನಡೆದ. ವನಿತಾ ಹಿಂದೆಯೇ ಓಡಿದಳು. "ಹೋಗಿ, ಹೋಗಿ, ಕೋರ್ಟಲ್ಲಿ ನೋಡ್ಕೋತೀನಿ" ಎಂದು ಹಿಂದಿನಿಂದ ಮುನಿರತ್ನ ಕೂಗುತ್ತಲೇ ಇದ್ದ. ಫ್ಲಾಟು ಹೋಯಿತು ಎಂದು ಅವಳಿಗೆ ಅನ್ನಿಸಿತು. ಸಂಕಟವೂ ಆಯಿತು, ಆಗಲಿಲ್ಲ ಎಂದರೆ ಯಾರು ನಂಬುತ್ತಾರೆ?

ಶೀಟಿನ ಮನೆಯ ಕದವೂ ಮುಚ್ಚಿತ್ತು. ಬಾವಿಕಟ್ಟೆಯ ಮೇಲೆ ದ್ರೌಪದಮ್ಮ ಒಬ್ಬಳೇ ಕೂತಿದ್ದಳು. ಒಳಗಿನಿಂದ ಧೂಪದ ವಾಸನೆ ಬರುತ್ತಿತ್ತು. ಇವರನ್ನು ಕಂಡವಳೇ ಸೆರಗು ಬಿಗಿದಳು.

"ರುಜು ಆಯ್ತಾ ಆನಂದಪ್ಪನೋರೆ? ಯಾವಾಗ್ ಬತ್ತದೆ ಜೇಸಿಬಿ?"

ಆನಂದಪ್ಪ ಕಟ್ಟೆಯ ಕೆಳಗೆ, ಮಣ್ಣಿನ ಮೇಲೇ ಕುಕ್ಕರಿಸಿದ. "ಒಳ್ಗೆ ಯಾರ್ಯಾರಿಗೆ ಇಟ್ಟಿದೀಯ ಚಿಕ್ಕಮ್ಮ?"

ದ್ರೌಪದಮ್ಮನ ಗದ್ದ ಅದುರಿತು. "ಚಿಕ್ಕಮ್ಮ" ಎಂದು ತನಗೇ ಹೇಳಿಕೊಂಡಳು. "ಇಷ್ಟ್ ವರ್ಸ ಎಲ್ಲೋಗಿತ್ತಪ್ಪ ಈ ಮಾತು? ನಿಮ್ ಚಿಕ್ಕಪ್ಪ ಸತ್ತಾಗ ಬಾವಿ ಕಾಯೋನು ಸತ್ತ ಅಂದ್ರಲ್ಲೋ ನೀವು. ಎಣ ಒರೋಕೂ ಬರ್ಲಿಲ್ಲ."

ಆನಂದಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಒರೆಸಿದ. ವನಿತಾ ಫೋನಿನಲ್ಲಿದ್ದ ಫೋಟೋ ತೆರೆದು, "ಇದು ನಿಮ್ ವಕೀಲ್ರಿಗೆ ಅಜ್ಜಿ" ಎಂದಳು. ಹೇಳುತ್ತಲೇ ಅವಳಿಗೆ ಅಳು ಬಂತು.

ಮುದುಕಿ ಫೋನನ್ನು ನೋಡಲೂ ಇಲ್ಲ. ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು.

"ಮೇಲೆ ಕೂತ್ಕೊಳಿ ಇಬ್ರೂವೆ. ಮುನಿಶಾಮಪ್ಪ ಒಳ್ಗೆ ಉಣ್ತಾವ್ನೆ, ಗಲಾಟೆ ಮಾಡ್ಬೇಡಿ."