ನಾಲ್ಕು ಫರಸಿಯ ಮಣ್ಣು

ಕುಂಬಳದ ಹೂವು ಬಾಯಿ ಬಿಡುತ್ತಿದೆ, ಇನ್ನೂ ಪೂರ್ತಿ ಅರಳಿಲ್ಲ, ಹಳದಿ ಎಸಳುಗಳ ತುದಿ ಒಂದಕ್ಕೊಂದು ಅಂಟಿಕೊಂಡು ಏಳಲೋ ಬೇಡವೋ ಎನ್ನುವ ನಿದ್ದೆಗಣ್ಣಿನ ಹಾಗಿವೆ, ಹೀರಾಬಾಯಿ ಸೆರಗು ಸಿಕ್ಕಿಸಿಕೊಂಡು ಬಗ್ಗುತ್ತಾಳೆ, ಎಲೆಯ ಮೇಲಿನ ನೀರು ಮೊಣಕೈಗೆ ತಣ್ಣಗೆ ತಾಗುತ್ತದೆ, ಹೂವಿನ ಕೆಳಗೆ ಗೋಲಿಯಷ್ಟು ಹಸಿರು ಗುಂಡಿದೆ, ಅಂದರೆ ಇದು ಹೆಣ್ಣು, ಗುಂಡಿಲ್ಲದೆ ಉದ್ದ ತೊಟ್ಟಿನ ಮೇಲೆ ಸುಮ್ಮನೆ ನಿಂತಿರುವುದು ಗಂಡು — ಇದನ್ನು ಕಲಿಸಿದವಳು ಪಕ್ಕದ ಮನೆಯ ಜೈತುನ್ಬೀ, ಗಂಡು ಹೂ ಹರದು ಅದರ ಪಕಳಿ ಕಿತ್ತಿ ಹೆಣ್ಣಿನ ಒಳಗ ಮೆಲ್ಲಕ ಸವರು ಅಕ್ಕಾ, ಬಿಸಲು ಏರಿತಂದ್ರ ಕದ್ದೂನ ಹೂ ಮುಚ್ಕೋತದ, ಈ ಕಲ್ಲುಗಣಿ ಧೂಳಿಗೆ ಜೇನಹುಳ ಎಲ್ಲಿ ಬರ್ತಾವ, ನಾವೇ ಜೇನಹುಳ ಆಗಬೇಕು ನೋಡು — ಮುಧೋಳದ ತವರುಮನೆಯಲ್ಲಿ ಯಾರೂ ಹೂವಿಗೆ ಹೂವು ಮುಟ್ಟಿಸಿದವರಲ್ಲ, ಅಲ್ಲಿ ಜೇನು ತಾನಾಗಿ ಬರುತ್ತಿತ್ತು, ಹಿತ್ತಲಲ್ಲಿ ಅವ್ವ ಬೀಜ ಒಗೆದು ಕೈ ಜಾಡಿಸಿಕೊಂಡರೆ ಮುಗಿಯಿತು, ಉಳಿದದ್ದು ಮಳೆಯ ಕೆಲಸ, ಕಾಯಿಗಳು ಎಲೆಯ ಮರೆಯಲ್ಲಿ ಯಾರಿಗೂ ಹೇಳದೆ ದೊಡ್ಡವಾಗಿಬಿಡುತ್ತಿದ್ದವು — ಆದರೆ ಈ ಹೂವು ಇವತ್ತೇ ಅರಳಬೇಕಿತ್ತೇ, ಇವತ್ತೇ ಅವನು ಬರಬೇಕಿತ್ತೇ, ಮುಂಜಾನಿ ಮೊದಲನೇ ಬಸ್ಸಿಗೆ ಬರ್ತೀನಿ ಎಂದು ನಿನ್ನೆ ಫೋನಿನಲ್ಲಿ ಹೇಳಿ ಇಟ್ಟುಬಿಟ್ಟ ಗಂಡ, ಅಣವೀರ, ಹೇಳಿದ್ದು ಅಷ್ಟೇ, ಅವನ ಮಾತು ಯಾವತ್ತೂ ಅಷ್ಟೇ. ಎರಡೂವರೆ ತಿಂಗಳಾಯಿತು ಚಿಂಚೋಳಿಗೆ ಹೋಗಿ, ಹೊಸ ಕಲ್ಯಾಣಮಂಟಪಕ್ಕೆ ಫರಸಿ ಕಲ್ಲು ಹಾಸುವ ಕೆಲಸ, ನಾಗರಪಂಚಮಿಗೂ ಬರಲಿಲ್ಲ, ಪಂಚಮಿಗೆ ಅವನು ಯಾವ ವರ್ಷವೂ ಮನೆಯಲ್ಲಿರುವುದಿಲ್ಲ, ಯಾಕೆ ಎಂದು ಅವಳು ಕೇಳಿಲ್ಲ, ಅವನೂ ಹೇಳಿಲ್ಲ, ಎರಡೂವರೆ ತಿಂಗಳು ಫೋನಿನಲ್ಲಿ ಅವಳು ಮಳೆಯ ಸುದ್ದಿ ಹೇಳಿದಳು, ವಾಡಿ ಊರಿಗೆ ಕೊಟ್ಟ ಮಗಳು ಚಂದ್ರಕಲಾ ಬಂದು ಹೋದದ್ದು ಹೇಳಿದಳು, ಕಾಗಿಣಾ ಹೊಳೆ ತುಂಬಿದ್ದು ಹೇಳಿದಳು, ಅಂಗಳದ ಫರಸಿ ಕಿತ್ತದ್ದು ಮಾತ್ರ ಹೇಳಲಿಲ್ಲ.

ನಾಲ್ಕೇ ನಾಲ್ಕು, ಅಂಗಳದ ತುಂಬ ಹಾಸಿದ ಕಲ್ಲಿನಲ್ಲಿ ನಾಲ್ಕು, ಅಲ್ಲಿ ಗೋಡೆಗೆ ಒರಗಿ ನಿಂತಿವೆ, ಬೂದು ಬೆನ್ನು ತೋರಿಸಿಕೊಂಡು, ಅವನು ಒಳಗೆ ಕಾಲಿಡುತ್ತಲೇ ಕಾಣುವುದು ಅವೇ — ಮುಂಗಾರಿನ ಮಿರಗದ ಮಳೆ ಬಿದ್ದ ಮೂರನೆಯ ದಿನ, ಪಾತ್ರೆ ತೊಳೆಯುವ ಕಡೆ, ಎರಡು ಕಲ್ಲಿನ ಸಂದಿಯಲ್ಲಿ ಒಂದು ಮೊಳಕೆ ಕಂಡಿತ್ತು, ದಪ್ಪ ಎರಡು ಎಲೆ, ಬೀಜದ ಸಿಪ್ಪೆಯನ್ನು ಟೊಪ್ಪಿಗೆಯ ಹಾಗೆ ತಲೆಯ ಮೇಲೆ ಹೊತ್ತುಕೊಂಡು, ಜೈತುನ್ಬೀ ಕೊಟ್ಟ ಕುಂಬಳದ ಹೋಳನ್ನು ತೊಳೆದಾಗ ಜಾರಿದ ಬೀಜವೇ ಇರಬೇಕು, ಅವಳು ಕೀಳಲು ಬಗ್ಗಿದಳು, ಕೀಳಲಿಲ್ಲ, ಮರುದಿನವೂ ಬಗ್ಗಿದಳು, ಕೀಳಲಿಲ್ಲ, ಅದರ ಕಾಂಡ ಸಂದಿಯಲ್ಲಿ ಸಿಕ್ಕಿ ನಸುಕೆಂಪಾಗಿತ್ತು, ಅದಕ್ಕೆ ಉಸಿರು ಕಟ್ಟುತ್ತಿದೆ ಅನ್ನಿಸಿತು — ಜೈತುನ್ಬೀ ಕಬ್ಬಿಣದ ಹಾರೆ ತಂದಳು, ಇಬ್ಬರೂ ಸೇರಿ ಕಲ್ಲಿನ ಅಂಚಿಗೆ ಕೊಟ್ಟು ಮೀಟಿದರು, ಮೊದಲನೆಯ ಫರಸಿ ಎದ್ದಾಗ ಬಂದ ವಾಸನೆ, ಅಯ್ಯೋ ಆ ವಾಸನೆ, ಇಪ್ಪತ್ತಾರು ವರ್ಷ ಬಿಸಿಲು ಕಾಣದ ಮಣ್ಣು, ಹೊಳೆಯ ಮಣ್ಣು, ಅವಳೇ ಹೊಸ ಮದುವಣಗಿತ್ತಿಯಾಗಿ ಬಂದ ವರ್ಷ ಬುಟ್ಟಿಯಲ್ಲಿ ಹೊತ್ತು ತಂದು ಸುರಿದದ್ದು, ಕಾಗಿಣಾದ ದಂಡೆಯಿಂದ ತಲೆಯ ಮೇಲೆ ನೀರು ಸೋರಿಸಿಕೊಂಡು, ಆಗ ಅಣವೀರ ನಗುತ್ತಿದ್ದ, ಹೊಳೀನೇ ಮನಿಗೆ ತರ್ತಿ ಏನು ನೀ ಎನ್ನುತ್ತಿದ್ದ, ಆಗ ಅವನಿಗೆ ನಗು ಬರುತ್ತಿತ್ತು, ಆ ಮಣ್ಣಿನಲ್ಲಿ ಬದನೆ, ಮೆಣಸಿನಕಾಯಿ, ಚಳಿಗಾಲಕ್ಕೆ ಮೆಂತ್ಯ, ಮಳೆಗಾಲಕ್ಕೆ ಕುಂಬಳ, ಬಳ್ಳಿ ಬಚ್ಚಲ ಗೋಡೆ ಹತ್ತಿ ಅತ್ತಲಾಗೆ ಇಳಿಯುತ್ತಿತ್ತು, ದೊಡ್ಡ ದೊಡ್ಡ ಎಲೆ, ಒಂದು ಎಲೆಯ ಕೆಳಗೆ ಒಂದು ಕೂಸು ಪೂರ್ತಿ ಮರೆಯಾಗುವಷ್ಟು.

ಸಾಯಬಣ್ಣ, ಮೂರೂವರೆ ವರ್ಷದ ಸಾಯಬಣ್ಣ, ಎಲೆಯನ್ನು ಛತ್ರಿ ಮಾಡಿಕೊಂಡು ಕೂರುತ್ತಿದ್ದ ಮಗ, ಬಳ್ಳಿಯ ಸುರುಳಿಯನ್ನು ಬೆರಳಿಗೆ ಸುತ್ತಿಕೊಂಡು ಉಂಗುರ ನೋಡವ್ವ ಎನ್ನುತ್ತಿದ್ದವ — ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈತುಂಬ ಹಿಟ್ಟು, ಒಲೆಯ ಬೆಂಕಿ ಚೆನ್ನಾಗಿ ಹತ್ತಿತ್ತು, ಹಿಂದಿನ ದಿನ ಒಂದು ಮೊಗ್ಗು ದಪ್ಪಗಾಗಿತ್ತು, ಹೂ ಬಿಟ್ಟದೇನು ನೋಡಿ ಬಾ ಹೋಗು ಎಂದಳು, ಅವಳೇ ಎಂದಳು, ಯಾಕೆಂದರೆ ಅವನು ಒಲೆಯ ಹತ್ತಿರ ಬರುತ್ತಿದ್ದ, ಸುಟ್ಟುಕೊಂಡಾನು ಎಂಬ ಅಂಜಿಕೆ, ಸುಡಬಾರದೆಂದು ಕಳಿಸಿದಳು — ರೊಟ್ಟಿ ತಿರುವಿ ಹಾಕುವಷ್ಟು ಹೊತ್ತು, ಅಷ್ಟೇ, ತಿರುಗಿ ಬಂದವನು ಅಳಲೂ ಇಲ್ಲ, ಕೈ ಚಾಚಿ ಮುಳ್ಳು ಚುಚ್ಚಿತು ಎಂದ, ಬೆರಳ ಮೇಲೆ ಎರಡು ಚುಕ್ಕಿ, ಹುಳ ಮುಟ್ಟ್ಯಾದ, ಹುಳ ಮುಟ್ಟ್ಯಾದ ಎಂದು ಯಾರೋ ಕೂಗಿದರು, ಹಾವೆಂಬ ಹೆಸರನ್ನು ಯಾರೂ ಎತ್ತಲಿಲ್ಲ, ಜೈತುನ್ಬೀಯ ಗಂಡ ಬಂದೇಅಲಿ ಮೋಟಾರುಸೈಕಲ್ಲು ತಂದ, ಹಿಂದೆ ಮಗನನ್ನು ತಬ್ಬಿಕೊಂಡು ಅಣವೀರ, ಅವಳಿಗೆ ಅದರಲ್ಲಿ ಜಾಗವಿರಲಿಲ್ಲ, ಅವಳು ರಸ್ತೆಯವರೆಗೆ ಓಡಿದಳು, ಆಮೇಲೆ ಬಸ್ಸು, ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು, ಕಲಬುರಗಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಗನ ದಿನಕರ್ಮ ಮುಗಿದ ಮೇಲೆ ಅಣವೀರ ಕೈಗಾಡಿಯಲ್ಲಿ ಫರಸಿ ತಂದ, ಬಳ್ಳಿ ಕಡಿದ, ಮೂರು ದಿನ, ಯಾರನ್ನೂ ಜೊತೆಗೆ ಕರೆಯಲಿಲ್ಲ, ಒಂದೊಂದು ಕಲ್ಲನ್ನೂ ಮರದ ಕೊಡತಿಯಿಂದ ತಟ್ಟಿ ತಟ್ಟಿ ಕೂರಿಸಿದ, ಅವಳು ಒಳಗೆ ಗೋಡೆಗೆ ಮುಖ ಮಾಡಿ ಮಲಗಿ ಆ ಸದ್ದು ಕೇಳಿದಳು, ಟಕ್, ನೀನೇ, ಟಕ್, ನೀನೇ ಕಳಿಸಿದಿ, ಅವನು ಬಾಯಿಬಿಟ್ಟು ಅನ್ನಲಿಲ್ಲ, ಬೈಯಲಿಲ್ಲ, ಆ ಮಾತು ಅವನಿಗೆ ಗೊತ್ತೋ ಇಲ್ಲವೋ ಅದೂ ಅವಳಿಗೆ ಗೊತ್ತಿಲ್ಲ, ತಾನು ಕಳಿಸಿದ್ದೆನೆಂದು ಅವಳು ಯಾರಿಗೂ ಹೇಳಲಿಲ್ಲ, ತಾಯಿಗೂ ಇಲ್ಲ, ದೇವರ ಮುಂದೂ ಇಲ್ಲ. ಆಮೇಲೆ ಚಂದ್ರಕಲಾ ಹುಟ್ಟಿದಳು, ಕಲ್ಲಿನ ಮೇಲೆಯೇ ಅಂಬೆಗಾಲಿಟ್ಟಳು, ಬಿಸಿಲಿಗೆ ಕಾದ ಕಲ್ಲು, ಚಳಿಗೆ ಕೊರೆಯುವ ಕಲ್ಲು, ಜೈತುನ್ ಮಾಂಶಿ ಮನ್ಯಾಗ ಬಳ್ಳಿ ಅದ ನಮ್ಮನ್ಯಾಗ ಯಾಕಿಲ್ಲ ಎಂದು ಒಮ್ಮೆ ಕೇಳಿದ್ದಳು, ಆಗ ಅಣವೀರ ಊಟದ ತಟ್ಟೆಯಿಂದ ಎದ್ದು ಹೊರಗೆ ಹೋಗಿದ್ದ — ಬಿಸಿಲು, ಬಿಸಿಲು ಗೋಡೆಯ ತಲೆಗೆ ಬಂತು, ಗಂಡು ಹೂವು ಅವಳ ಕೈಯಲ್ಲಿದೆ, ಎಸಳು ಕಿತ್ತಾಗಿದೆ, ಹಳದಿ ಪುಡಿ ಹೆಬ್ಬೆರಳಿಗೆ ಹತ್ತಿದೆ, ಇನ್ನು ಸವರಬೇಕು, ಹೆಣ್ಣು ಹೂವು ಈಗ ಪೂರ್ತಿ ಅರಳಿದೆ, ಒಳಗೆ ಬೆಳಕು ತುಂಬಿದ ಬಟ್ಟಲಿನ ಹಾಗೆ — ಬಾಗಿಲ ಚಿಲಕದ ಸದ್ದು.

ಅಣವೀರ ನಿಂತಿದ್ದಾನೆ, ಹೆಗಲಲ್ಲಿ ಚೀಲ, ಎಷ್ಟು ಬೆಳ್ಳಗಾಗಿದ್ದಾನೆ, ಕೂದಲೋ ಧೂಳೋ ತಿಳಿಯುವುದಿಲ್ಲ, ಅವನ ಕಣ್ಣು ಗೋಡೆಗೆ ಒರಗಿದ ಕಲ್ಲುಗಳ ಮೇಲೆ ಹೋಗಿ, ಅಲ್ಲಿಂದ ಮಣ್ಣಿಗೆ, ಮಣ್ಣಿನಿಂದ ಬಳ್ಳಿಗೆ, ಬಳ್ಳಿಯ ಜೊತೆ ಸೂರಿನ ತಗಡಿನವರೆಗೆ ಏರಿ ಮತ್ತೆ ಇಳಿಯಿತು, ಅವನು ಚೀಲ ಕೆಳಗಿಟ್ಟ, ಎಷ್ಟ ತೆಗದಿ ಎಂದ, ನಾಕು ಎಂದಳು, ಇನ್ನೇನೋ ಹೇಳಬೇಕಿತ್ತು, ಬ್ಯಾಡಂದ್ರ ಮತ್ತ ಹಾಸಿಬಿಡ್ರಿ ಎಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡ ಮಾತು, ಅದು ಬರಲಿಲ್ಲ, ಅದರ ಬದಲು, ನಾನೇ ಕಳಿಸಿದ್ದೆರಿ, ಹೂ ಬಿಟ್ಟದೇನು ನೋಡಿ ಬಾ ಅಂತ ಅವನ್ನ ನಾನೇ ಕಳಿಸಿದ್ದೆ — ತನ್ನದೇ ದನಿಯೇ ಇದು, ಇಷ್ಟು ಸಣ್ಣದೇ, ಇಪ್ಪತ್ತಾರು ವರ್ಷ ಹೊತ್ತದ್ದು ಇಷ್ಟೇ ಇತ್ತೇ, ಅವಳು ನೆಲ ನೋಡುತ್ತಾಳೆ, ಗೊತ್ತದ ನನಗ ಎಂದ ಅಣವೀರ. ಅವಳು ತಲೆ ಎತ್ತುತ್ತಾಳೆ. ಅವನು ಬಳ್ಳಿಯನ್ನೇ ನೋಡುತ್ತಿದ್ದಾನೆ, ಗಾಡಿ ಮ್ಯಾಲ ಅಂವಾ ಹೇಳಿದ, ನನ್ನ ಎದಿಗೆ ತಲಿ ಇಟ್ಟು, ಅಪ್ಪಾ, ಹೂ ಬಿಟ್ಟದ, ಅವ್ವಗ ಹೇಳು ಅಂದ, ಮತ್ತ ಏನೂ ಮಾತಾಡ್ಲಿಲ್ಲ ಅಂವಾ — ನನಗ ಹೇಳ್ಲಾಕ ಆಗ್ಲಿಲ್ಲ, ಹೀರಾ, ನಿನ್ನ ಮಾರಿ ನೋಡಿ ಹೆಂಗ ಹೇಳಬೇಕಿತ್ತು, ಆ ಹೂ ಕಂಡಾಗೊಮ್ಮೆ ಹೇಳಬೇಕಾಗ್ತಿತ್ತು, ಅದಕ್ಕ ಮುಚ್ಚಿದೆ. ದೂರದಲ್ಲಿ ಕಲ್ಲು ಕೊಯ್ಯುವ ಮಷೀನು ಶುರುವಾಗಿ ನಿಂತಿತು, ರೈಲು ಕೂಗಿತೋ ಇಲ್ಲವೋ, ಹಾಗಾದರೆ ಆ ಟಕ್ ಟಕ್ ಎನ್ನುವುದರಲ್ಲಿ ತಾನು ಕೇಳಿದ ಮಾತು, ಅದು ಅವನದಲ್ಲವೇ, ಯಾರದು ಅದು, ಸಾಯಬಣ್ಣ ಹೂವು ನೋಡಿದ್ದ, ನೋಡಿ ಸುದ್ದಿ ಕಳಿಸಿದ್ದ, ಸುದ್ದಿ ಅಲ್ಲೇ ಕಲ್ಲಿನ ಕೆಳಗೆ ಇತ್ತು, ಅವಳು ಅದರ ಮೇಲೆಯೇ ನಡೆದಾಡಿದಳು, ಅದರ ಮೇಲೆ ಪಾತ್ರೆ ತೊಳೆದಳು, ಅದರ ಮೇಲೆ ಮಗಳಿಗೆ ಜಡೆ ಹಾಕಿದಳು — ಎಲ್ಲಿ ಬಿಟ್ಟದ, ತೋರಿಸು ಎನ್ನುತ್ತಾನೆ ಅಣವೀರ, ಕಲ್ಲಿನ ಅಂಚಿನಲ್ಲಿ ಕೂತು ಚಪ್ಪಲಿ ಕಳಚುತ್ತಾನೆ, ಒಂದು, ಇನ್ನೊಂದು, ಕಲ್ಲಿನ ಹಿಟ್ಟು ಬೇರೂರಿ ಬೆಳ್ಳಗಾದ ಪಾದ, ಮೆಲ್ಲಗೆ ಇಳಿಸುತ್ತಾನೆ, ನೀರುಂಡ ಮಣ್ಣು ಅವನ ಭಾರಕ್ಕೆ ಒಳಗಾಗಿ ಬೆರಳುಗಳ ನಡುವಿನಿಂದ ಮೇಲೇಳುತ್ತದೆ, ಕಪ್ಪಗೆ, ಅವಳು ಏನೋ ಹೇಳಬೇಕು, ಹೂವು ಮುಚ್ಚಿಕೊಳ್ಳುವ ಮುಂಚೆ ತೋರಿಸಬೇಕು, ಇಗೋ ಇಲ್ಲಿ ಎನ್ನಬೇಕು, ಆದರೆ ಆ ಪಾದ, ಬೆರಳ ಸಂದಿಯಲ್ಲಿ ಏಳುತ್ತಿರುವ ಮಣ್ಣು, ಇನ್ನೊಂದು ಪಾದವೂ ಇಳಿಯಿತು, ಬಿಳಿಯ ಪಾದ, ಬೆರಳ ಸಂದಿಯಲ್ಲಿ ಕಪ್ಪು ಮಣ್ಣು, ಬೆರಳ ಸಂದಿಯಲ್ಲಿ ಮಣ್ಣು —